ಒಂದ ಶಾಲು, ನಾಕ ತಾಲೂಕು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಕ ತಾಲೂಕಿಗೆ ಬಂಡವಾಳ ಹಾಕೋ ಮಂದೀನ್ನ ಕರ್ಕೊಂಡು ಬರೂದು ನನ್ನ ನೌಕರಿ ಆಗಿತ್ತು. ಮಂದಿ ಬರತಿದ್ರು, ಬಂಡವಾಳ ಬರತಿರಲಿಲ್ಲ. ಬರೂದಿಲ್ಲ ಅಂದ್ರ ಸುಮ್ಮ ಸುಮ್ಮನ ಬರೂದಿಲ್ಲ ಅಂತಲ್ಲ; ಒಂದೊಂದ ಸಲ ಒಂದೊಂದ ನಮೂನಿ ಬರೂದಿಲ್ಲ. ಇಷ್ಟ ವರ್ಷದಾಗ ಆದ ಫಜೀತಿ ಇನ್ನೊಮ್ಮೆ ಆಗಿಲ್ಲ, ಪ್ರತಿ ಸಲಾ ಹೊಸಾದ ಆಗೇತಿ. ಆ ಒಂದ ವಿಚಾರದಾಗ ನಮ್ಮ ಭಾಗ ಭಾಳ ಮುಂದುವರದೈತಿ.

ನಮ್ಮ ಆಫೀಸ್ ಇದ್ದದ್ದು ಇಂಡ್ಯಾಗ. ಮೊದಲ ಅದು ದನದ ದವಾಖಾನಿ ಆಗಿತ್ತು. ಆಮ್ಯಾಲೂ ತಾಂಬಾ ಊರ ಕಡಿಂದ ಯಾರರ ಎಮ್ಮಿ ಹೊಡ್ಕೊಂಡು ಬಂದು ಬಾಗಲ್ದಾಗ ನಿಂದರತಿದ್ರು. ಖರೇ ಹೇಳಬೇಕಂದ್ರ ಹೂಡಿಕೆದಾರ್ರಿಗಿಂತ ಎಮ್ಮಿನ ಹೆಚ್ಚ ಬರತಿದ್ವು. ಆಫೀಸಿನಾಗ ಇದ್ದಾವ್ರು ಇಬ್ಬರ, ನಾನು ಮತ್ತ ನಮ್ಮ ಸಿಪಾಯಿ. ಸಿಪಾಯಿಗೆ ಊರ ಮಂದೆಲ್ಲಾ ಚಾಚಾ ಅಂತಾರ. ಗಡ್ಡ ಬೆಳ್ಳಗಾಗೇತಿ, ಅಂಗಿ ಅದಕಿಂತ ಬೆಳ್ಳಗ ಇರ್ತೈತಿ.

ಹೋದ ವರ್ಷ ಯುಗಾದಿ ಮುಗದ ಮ್ಯಾಲ ವಿಜಯಪುರದಿಂದ ದೊಡ್ಡ ಸಾಹೇಬ್ರು ಫೋನ್ ಮಾಡಿದ್ರು. "ಮುಂದಿನ ಯುಗಾದಿ ಒಳಗ ಒಂದರ ಕಾರ್ಖಾನಿ ತಂದು ತೋರಸ್ರಿ. ಇಲ್ಲಾಂದ್ರ ನಿಮ್ಮ ಆಫೀಸಿಗೆ ಕೀಲಿ ಹಾಕತೇವಿ," ಅಂದ್ರು.

ನನಗೇನ ಆಗ್ತೈತಿ? ಬೀದರಿಗೋ ಬಳ್ಳಾರಿಗೋ ಬದಲಿ ಆಗ್ತೈತಿ. ಚಾಚಾ ದಿನಗೂಲಿ ಮ್ಯಾಲ ಇರಾವ್ರು, ಆಫೀಸ್ ಮುಚ್ಚಿದ್ರ ಸೀದಾ ಮನಿಗೆ. ಮನ್ಯಾಗ ಗಳಸಾವ್ರು ಅವ್ರೊಬ್ಬರ. ನಾ ಸುದ್ದಿ ಹೇಳಿದೆ. ಅವ್ರು ಗಡ್ಡ ನೀವಿಕೋತ ಸ್ಟೂಲಿನ ಮ್ಯಾಲ ಕುಂತ್ರು. ಆಮ್ಯಾಲ, "ನಮ್ಮ ಮನಿಯಾಕಿ ಹೇಳಿಬಿಟ್ಟಾಳ್ರಿ ಸಾಹೇಬ್ರ, ನೌಕರಿ ಹೋದ ದಿನ ಮನಿಗೆ ಬರಬ್ಯಾಡ್ರಿ, ನೌಕರಿ ಎಲ್ಲಿ ಹೋತೋ ಅಲ್ಲೇ ಹೋಗ್ರಿ ಅಂತ. ಎಲ್ಲಿಂದರ ಒಂದ ಕಾರ್ಖಾನಿ ತರಾಕಬೇಕು," ಅಂದ್ರು. ಅವತ್ತಿನಿಂದ ನಾ ನೌಕರಿ ಮಾಡಿದ್ದು ಸರಕಾರದ ಹೆದರಿಕಿಗಲ್ಲ, ಚಾಚಿ ಹೆದರಿಕಿಗೆ.

ಶಾಲಿನ ಕಾನೂನು

ನಮ್ಮ ಕಡೆ ದೊಡ್ಡ ಮನಷ್ಯಾರು ಬಂದ್ರ ಸನ್ಮಾನ ಆಗಬೇಕು. ಚಾ ತಡಾ ಆದ್ರ ನಡೀತೈತಿ, ನಳಕ್ಕ ನೀರ ಬರಲಿಲ್ಲಂದ್ರೂ ನಡೀತೈತಿ, ಸನ್ಮಾನ ಮಾತ್ರ ತಪ್ಪಂಗಿಲ್ಲ. ಹೆಗಲ ಮ್ಯಾಲ ಶಾಲು, ಕೊರಳಾಗ ಹಾರ, ಕೈಯಾಗ ಒಂದ ಬುಟ್ಟಿ ಲಿಂಬಿಹಣ್ಣು. ಲಿಂಬಿಹಣ್ಣಿಗೇನು, ಇಂಡ್ಯಾಗ ಯಾರ ತ್ವಾಟಕ್ಕ ಹೋಗಿ ನಿಂತ್ರೂ ಕೊಡ್ತಾರ. ಹಾರಾನೂ ಹೆಂಗರ ಆಗ್ತೈತಿ. ಶಾಲಿಗೆ ಮಾತ್ರ ಸರಕಾರದ ಮಂಜೂರಿ ಇಲ್ಲ. ಬಂಡವಾಳ ತರ್ರಿ ಅಂತಾರ, ಶಾಲಿಗೆ ಬಂಡವಾಳ ಕೊಡಂಗಿಲ್ಲ.

ಇದಕ್ಕ ಚಾಚಾ ಒಂದ ದಾರಿ ಹುಡಕಿದ್ರು. ದೊಡ್ಡ ಮಂದಿ ಶಾಲು ಮನಿಗೆ ಒಯ್ಯೂದಿಲ್ಲ ಅನ್ನೂದು ಅವ್ರ ಕಣ್ಣಿಗೆ ಬಿದ್ದಿತ್ತು. ನಮ್ಮ ಬಿಸಲಾಗ ಶಾಲು ಹೊತಗೊಂಡು ಯಾರು ಎಷ್ಟೊತ್ತು ಕುಂದರ್ತಾರ? ಫೋಟೋ ತಗದ್ರೋ ಇಲ್ಲೋ, ತಗದು ಖುರ್ಚಿ ಬೆನ್ನಿಗೆ ಹಾಕಿ ಹೋಗಿಬಿಡ್ತಾರ. ಕಾರ್ ಗೇಟ್ ದಾಟಿದ ಕೂಡಲೇ ಚಾಚಾ ಶಾಲು ಝಾಡಿಸಿ, ಮಡಚಿ, ಇಸ್ತ್ರಿ ಮಾಡಿಸಿ, ಡಾಂಬರ ಗುಳಿಗಿ ಹಾಕಿ ಟ್ರಂಕಿನ್ಯಾಗ ಇಡತಿದ್ರು. ಕೆಂಪ ಬಣ್ಣ, ದಡಿಗೆ ಜರಿ. ನೋಡಿದಾವ್ರು ಪ್ರತಿ ಸಲಾ ಹೊಸಾದು ಅಂತ ತಿಳಕೋತಿದ್ರು. ನಾಕ ತಾಲೂಕಿನ ಮರ್ಯಾದಿ ಆ ಒಂದ ಶಾಲಿನ ಮ್ಯಾಲ ನಿಂತಿತ್ತು.

ಯುಗಾದಿ ಆದ ಮ್ಯಾಲ ಮೊದಲ ಬಂದಾವ್ರು ಸೊಲ್ಲಾಪುರದ ಒಬ್ರು ಹೆಣ್ಣಮಗಳು, ನಾವು ಬಾಯಾರು ಅಂತಿದ್ವಿ. ಅವ್ರ ಮನಿತನದ್ದ ಮಗ್ಗದ ವ್ಯವಹಾರ, ಚಾದರ ಮತ್ತ ಟಾವೆಲ್ ನೇಯಸ್ತಿದ್ರು. ಅಲ್ಲಿ ಜಾಗ ಸಾಲವಲ್ದು ಅಂತ ಇಲ್ಲಿ ನೋಡಾಕ ಬಂದಿದ್ರು. ಶಾಲು ಹೊಚ್ಚಿದ್ವಿ. ಫೋಟೋ ತಗ್ಯಾವ ಬರೂದು ತಡಾ ಆತು. "ಬಾಯಾರ, ಫೋಟೋದಾವ ಬರೂ ತನಕ ತಗೀಬ್ಯಾಡ್ರಿ," ಅಂತ ಚಾಚಾ ಕೈ ಮುಗದು ಕೇಳಿಕೊಂಡ್ರು. ಪಾಪ, ಬಾಯಾರು ಶಾಲು ಹೊತಗೊಂಡ ಊಟಕ್ಕ ಕುಂತ್ರು. ಎಣ್ಣಿ ಕಲಿಸಿದ ಶೇಂಗಾ ಹಿಂಡಿ, ಅಂದ್ರ ಚಟ್ನಿಪುಡಿ, ರೊಟ್ಟಿ ಮ್ಯಾಲಿಂದ ಜಾರಿ ಶಾಲಿನ ಮ್ಯಾಲ ಬಿತ್ತು.

ಊಟ ಆತು, ಫೋಟೋ ಆತು, ಶಾಲು ಖುರ್ಚಿಗೆ ಹೋತು. "ಜಾಗಾ ಬರೊಬ್ಬರಿ ಐತಿ, ವಿಚಾರ ಮಾಡಿ ಹೇಳತೇನಿ," ಅಂದು ಬಾಯಾರು ಹೊಂಟು ಹೋದ್ರು. ಹೋಗಾವ್ರೆಲ್ಲಾ ಇದ ಮಾತ ಹೇಳಿ ಹೋಗತಾರ, ಯಾರೂ ತಿರುಗಿ ಫೋನ್ ಮಾಡಿ ಹೇಳಿಲ್ಲ.

ಚಾಚಾ ಸೀಗಿಕಾಯಿ ಹಾಕಿದ್ರು, ಸಾಬೂನ ಹಾಕಿದ್ರು, ಚಾಚಿ ಕೈಯಾಗೂ ಕೊಟ್ಟು ತಿಕ್ಕಿಸಿದ್ರು. ಹಿಂಡಿ ಕಲಿ ಹೋಗಲಿಲ್ಲ. ಕಡೀಕ ಕಲಿ ಒಳಗ ಬರೂ ಹಂಗ ಶಾಲು ಮಡಚಿ, "ಹೊಚ್ಚಾವ್ರು ಪೂರ್ತಿ ಬಿಚ್ಚಬಾರದು, ಅಷ್ಟ ನೋಡ್ಕೊಳ್ರಿ," ಅಂದ್ರು.

ಸಾಲು ಹಿಡದ ಕಲ್ಲು

ಇಂಡ್ಯಾಗ ಕೈಗಾರಿಕೆಗೆ ಅಂತ ಸಾಲೋಟಗಿ ರಸ್ತೆ ಕಡೆ ಒಂದ ಬಯಲು ಬಿಟ್ಟಾರ. ಅದಕ್ಕ ಭಾರಿ ಗೇಟ್ ಐತಿ, ಗೇಟಿಗೆ ಕೀಲಿ ಐತಿ, ಕೀಲಿಕೈ ಚಾಚಾ ಕಡೆ ಇರತಿತ್ತು. ಸುತ್ತ ಗೋಡಿ ಇಲ್ಲ. ಆಡು ಕುರಿ ಎಲ್ಲಾ ಆಜೂಬಾಜು ಹಾದು ಹೋಗತಾವ, ಸಾಹೇಬ ಮಂದಿಗೆ ಮಾತ್ರ ಚಾಚಾ ಕೀಲಿ ತಗೀತಿದ್ರು.

ಒಳಗ ಏನೈತಿ ಅಂದ್ರ ಶಂಕುಸ್ಥಾಪನಿ ಕಲ್ಲು. ಒಂದ ಸರಕಾರ ಬಂದು ಒಂದ ಇಟ್ಟು ಹೋತು, ಇನ್ನೊಂದ ಬಂತು, ಹಳೇ ಕಲ್ಲಿನ ಬಾಜು ಇನ್ನೊಂದ ಇಟ್ಟಿತು. ಲಿಂಬಿರಸದ ಕಾರ್ಖಾನಿದೊಂದು, ದ್ರಾಕ್ಷಿದೊಂದು, ತೊಗರಿಬ್ಯಾಳಿದೊಂದು, ಏನು ಮಾಡೂದು ಅಂತ ಗೊತ್ತಿಲ್ಲದ ಇಟ್ಟದ್ದು ಮತ್ತೊಂದು. ಎಲ್ಲಾ ಬಿಳೇ ಮಾರ್ಬಲ್ ಕಲ್ಲು, ಸಾಲು ಹಿಡದು ನಿಂತಾವ. ಮ್ಯಾಲ ಹೆಸರು, ಕೆಳಗ ತಾರೀಖು.

ಹೈದರಾಬಾದಿನ ಒಬ್ಬ ಸೇಠ್ ಬಂದಿದ್ರು. ಔಷಧಿ ಡಬ್ಬಿ ಮಾಡೋ ಕಾರ್ಖಾನಿ ಹಾಕೂ ವಿಚಾರ ಅವ್ರದ್ದು. ಗೇಟ್ ತಗದ್ವಿ. ಅವ್ರು ಕಲ್ಲಿನ ಸಾಲ ನೋಡಿದ್ರು, ಕಾಲಾಗಿನ ಬೂಟ ಬಿಚ್ಚಿದ್ರು. ತಲಿ ಬಗ್ಗಿಸಿ ಕೈ ಮುಗದು ಚಾಚಾನ್ನ ಸಣ್ಣ ದನಿಲೆ ಕೇಳಿದ್ರು, "ಯಾರ ಸಮಾಧಿ ಇವು?"

ನಾ ಗಡಬಡಿಸಿ ಏನರ ಹೇಳೂದ್ರಾಗ ಚಾಚಾ ತಾವೂ ತಲಿ ಬಗ್ಗಿಸಿ ಅಂದ್ರು: "ಕಾರ್ಖಾನಿಗೋಳವ್ರಿ ಸೇಠ್‌ಜಿ. ಹುಟ್ಟೂಕಿಂತ ಮೊದಲ ತೀರಿಕೊಂಡಾವ."

ತ್ರೀ ಫೇಸ್

ಸಿಂದಗಿ ಕಡೆ ಹತ್ತಿ ಚಲೋ ಬೆಳೀತೈತಿ. ತಮಿಳುನಾಡಿನ ನೂಲಿನ ಗಿರಣಿ ಮಾಲಕರೊಬ್ರು ಅಲ್ಲಿ ಒಂದ ಹಳ್ಳಿಗೆ ಬರ್ತೇನಿ ಅಂದ್ರು. "ನನಗ ಏನೂ ಬ್ಯಾಡ. ಹಗಲ ಹೊತ್ತು ಕರೆಂಟ್ ಇರ್ತೈತೇನು, ಮಂದಿ ಕೆಲಸಕ್ಕ ಬರ್ತಾರೇನು, ಇಷ್ಟ ನೋಡ್ತೇನಿ," ಅಂತ ಮೊದಲ ತಿಳಿಸಿದ್ರು.

ಮಂದೀದು ನಾ ನೋಡ್ಕೊಂಡೆ. ಊರ ಹಿರಿ ಗೌಡ್ರ ಕಾಲ ಹಿಡದು ಹಳ್ಳಿ ಸಮುದಾಯ ಭವನ ತುಂಬಿಸಿದೆ. ಗಂಡಸ್ರು, ಹೆಂಗಸ್ರು, ಹುಡುಗೋರು, ಕಿಟಕ್ಯಾಗೂ ಮಂದಿ. ಕರೆಂಟಿಂದು ಇನ್ನೂ ಕಠಿಣ ಇತ್ತು. ನಮ್ಮ ಹಳ್ಳ್ಯಾಗ ಪಂಪಸೆಟ್ ನಡಿಯೂ ತ್ರೀ ಫೇಸ್ ಕರೆಂಟ್ ದೇವರು ಬಂದಂಗ ಬರ್ತೈತಿ, ಬಂದದ್ದು ನಾಕ ಮಂದಿಗೆ ಗೊತ್ತಾಗೂದ್ರಾಗ ಹೋಗ್ತೈತಿ. ಲೈಟಿನ ಸಾಹೇಬ್ರ ಕಡೆ ಹೋದೆ. "ಯಪ್ಪಾ, ಒಂದ ದಿನ ಹಗಲೆಲ್ಲಾ ತ್ರೀ ಫೇಸ್ ಕೊಡ್ರಿ. ನಮ್ಮ ಆಫೀಸ್ ಉಳೂದು ನಿಮ್ಮ ಕೈಯಾಗ ಐತಿ," ಅಂದೆ. ಪುಣ್ಯಾತ್ಮ ಒಪ್ಪಿಕೊಂಡ್ರು.

ಮಾಲಕರು ಬಂದ್ರು. ತುಂಬಿದ ಭವನ ನೋಡಿ ಖುಷಿ ಆದ್ರು. ತ್ರೀ ಫೇಸ್ ಬಂದಾಗಷ್ಟ ಹತ್ತೂ ಕೆಂಪ ದೀಪ ಒಂದ ಗ್ವಾಡಿ ಮ್ಯಾಲ ಇತ್ತು, ಅದು ಇನ್ನೂ ಹತ್ತಿರಲಿಲ್ಲ. ಶಾಲು ಹೊಚ್ಚಿದ್ವಿ, ಚಾಚಾ ಹುಷಾರಿಲೆ ಅರ್ಧ ಬಿಚ್ಚಿ ಹೊಚ್ಚಿದ್ರು. ಮಾಲಕರು ಎದ್ದ ನಿಂತು ಭಾಷಣ ಶುರು ಮಾಡಿದ್ರು, "ನಿಮ್ಮಂಥಾ ಕಷ್ಟಪಡೋ ಮಂದಿ ನಾ ಎಲ್ಲೂ ನೋಡಿಲ್ಲ…"

ದೀಪ ಹತ್ತಿತು.

ಮುಂದಿನ ಸಾಲಿನಾಗಿನ ಒಬ್ಬ ನೋಡಿದ, ಎದ್ದು ಓಡಿದ. ಅವನ ಹಿಂದ ಅವನ ತಮ್ಮ, ತಮ್ಮನ ಹಿಂದ ಇಡೀ ಸಾಲು. ಹೆಂಗಸ್ರು ಸೆರಗ ಕಟಗೊಂಡು ಹೊಂಟ್ರು. ಕಿಟಕಿ ಮಂದಿ ಕಿಟಕ್ಯಾಗಿಂದ ಜಿಗದ್ರು. ನಾ ಅಡ್ಡ ನಿಂತು, "ಕುಂದರ್ರೋ ಯಪ್ಪಾ, ಕುಂದರ್ರಿ, ನಿಮಗ ನೌಕರಿ ಕೊಡಾಕ ಬಂದಾರ!" ಅಂತ ಒದರಿದೆ. ನನ್ನ ಒಂದ ಕಡೆ ದೂಡಿ ಹ್ವಾದ್ರು. ಕಡೀಕ ಉಳದಾವ್ರು ಮೊಣಕಾಲ ನೋವಿನ ಗೌಡ್ರು ಒಬ್ರ.

ಮಾಲಕರು ಹೆದರಿ ಬಿಳುಚಿದ್ರು. "ಏನಾತು? ಬೆಂಕಿ ಹತ್ತೇತೇನು?" ಅಂತ ಹಿಂದಿ ಭಾಷಾದಾಗ ಕೇಳಿದ್ರು.

ಗೌಡ್ರು ಕುಂತಲ್ಲೇ ಕೈಯೆತ್ತಿ ಸಮಾಧಾನ ಮಾಡಿದ್ರು. "ಹೆದರಬ್ಯಾಡ್ರಿ, ಕರೆಂಟ್ ಬಂದೈತಿ ಅಷ್ಟ. ನೀರ ಬಿಡಾಕ ಹೊಲಕ್ಕ ಹೋಗ್ಯಾರ. ನೀವ ಭಾಷಣ ಮಾಡ್ರಿ, ಇನ್ನೇನು ಹೋಗಿಬಿಡ್ತೈತಿ, ಎಲ್ಲಾರೂ ಬಂದ ಬರ್ತಾರ."

ಅವತ್ತ ಕರೆಂಟ್ ಹೋಗಲೇ ಇಲ್ಲ. ಮಾಲಕರು ಹೋದ್ರು.

ರೊಟ್ಟಿ ಹೊರಗ ಹೊಂಟಾವ

ಆಮ್ಯಾಲ ಬೆಂಗಳೂರಿನ ಒಂದ ತಿನಿಸಿನ ಕಂಪನಿ ಮ್ಯಾನೇಜರ್ ಬಂದ್ರು. ಜ್ವಾಳದ ಕಟಕ್ ರೊಟ್ಟಿ ಪಾಕೀಟ ಮಾಡಿ ದೇಶಕ್ಕೆಲ್ಲಾ ಮಾರಬೇಕು, ಹಳ್ಳಿ ಹೆಣ್ಣಮಕ್ಕಳ ಕಡಿಂದ ಮಾಡಿಸಬೇಕು ಅನ್ನೂದು ಅವ್ರ ವಿಚಾರ. ಭಾಳ ಚಲೋ ವಿಚಾರ. ಇಂಡ್ಯಾಗ ಶಾಲು ಹೊಚ್ಚಿ, ನಾ ಮುದ್ದೇಬಿಹಾಳ ಕಡೆ ನಮ್ಮ ಗುರತಿನವ್ರ ಒಂದ ದೊಡ್ಡ ಮನಿಗೆ ಕರ್ಕೊಂಡ ಹೋದೆ. ಆ ಮನಿ ಅಜ್ಜಿ ರೊಟ್ಟಿ ಬಡದ್ರ ಸುತ್ತಿನ ಮಂದಿ ಹೊಗಳತಿದ್ರು.

ಮ್ಯಾನೇಜರು ಲ್ಯಾಪ್‌ಟಾಪ್ ತಗೀಬೇಕಂದ್ರು. ಅಜ್ಜಿ, "ಅದೇನ ಪೆಟಗಿ, ಆ ಕಡೆ ಇಡೋ ತಮ್ಮಾ, ಮೊದಲ ಉಣ್ಣು," ಅಂತ ತಾಟ ಇಟ್ಟಳು. ಉಂಡ್ರು. ಬಾಜೂ ಮನಿಯಾವ್ರು ಬಂದ್ರು, "ನಮ್ಮ ಮನಿಗೆ ಬರಲಿಲ್ಲಂದ್ರ ಹೆಂಗ," ಅಂತ ಅಲ್ಲಿ ಉಣಸಿದ್ರು. ಎದುರ ಮನಿಯಾವ್ರು ಮುನಸ್ಕೊಂಡ್ರು, ಅವ್ರ ಸಿಟ್ಟ ಇಳಸಾಕ ಅಲ್ಲೂ ಉಂಡ್ರು. ಅಲ್ಲಿ ಹೋಳಿಗಿ ಮಾಡಿದ್ರು. ಪಾಪ ಮ್ಯಾನೇಜರು ಬೆಲ್ಟ್ ಸಡಲ ಮಾಡಿಕೊಂಡು ತಿರುಗಿ ಅಜ್ಜಿ ಪಡಸಾಲಿಗೆ ಬಂದು ಕಂಬಕ್ಕ ಆತು ಕುಂತ್ರು.

"ಅಜ್ಜಿ, ಒಂದ ರೊಟ್ಟಿಗೆ ಏನ ರೇಟ್ ತಗೋತೀರಿ?" ಅಂತ ಕೇಳಿದ್ರು.

ಅಜ್ಜಿ ಅವ್ರನ್ನ ಮ್ಯಾಲಿಂದ ಕೆಳಗ ನೋಡಿದಳು. ಆಮ್ಯಾಲ ನನ್ನ ಬದಿಗೆ ಕರದು, "ಪಾಪ, ಲಗ್ನ ಆಗಿಲ್ಲೇನ ಇವಂಗ? ಮನ್ಯಾಗ ರೊಟ್ಟಿ ಬಡಿಯಾವ್ರು ಯಾರೂ ಇಲ್ಲಂತ ಕಾಣ್ತೈತಿ, ರೊಕ್ಕ ಕೊಟ್ಟು ಬೇಡಾಕತ್ತಾನ," ಅಂದಳು.

"ಇಲ್ಲಬೇ ಅಜ್ಜಿ, ಇವ್ರು ವ್ಯಾಪಾರ ಮಾಡಾವ್ರು," ಅಂದೆ.

"ಮನಿಗೆ ಬಂದಾವ್ರ ಸಂಗಾಟ ರೊಟ್ಟಿ ವ್ಯಾಪಾರ ಮಾಡೂದಾ? ನನ್ನ ಮಾರಿ ಯಾರಿಗೆ ತೋರಸ್ಲಿ?" ಅಂತ ಬೈದು ಅಜ್ಜಿ ಒಳಗ ಹೋದಳು. ಹೊರಗ ಬರುಮುಂದ ಕೈಯಾಗ ಗಂಟು ಇತ್ತು. ಅದರಾಗ ಗುಡ್ಡದಷ್ಟ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳ ಹಿಂಡಿ, ಕೆಂಪ ಖಾರ. "ಮುಗದ ಮ್ಯಾಲ ಹೇಳಿ ಕಳಸೋ ತಮ್ಮಾ, ನಾಚಬ್ಯಾಡ," ಅಂದಳು.

ಒಪ್ಪಂದ ಆಗಲಿಲ್ಲ. ಆದ್ರ ಮ್ಯಾನೇಜರು ನಾಚಲಿಲ್ಲ. ತಿಂಗಳಿಗೊಮ್ಮೆ ಫೋನ್ ಮಾಡತಿದ್ರು, ಅಜ್ಜಿ ಗಂಟ ಕಟ್ಟತಿದ್ದಳು, ನಾ ಬೆಂಗಳೂರ ಬಸ್ಸಿಗೆ ಇಡತಿದ್ದೆ. ಬಂಡವಾಳ ಒಳಗ ಬರಲಿಲ್ಲ, ರೊಟ್ಟಿ ಹೊರಗ ಹೊಂಟುವು.

ಪಂಕ್ಚರ್

ಬಾಗೇವಾಡಿದು ಕೇಳ್ರಿ. ಅವತ್ತ ನಾನು, ಚಾಚಾ ಇಬ್ರೂ ಅಲ್ಲೇ ಒಂದ ಕೆಲಸದ ಮ್ಯಾಲ ಹೋಗಿದ್ವಿ. ಊರ ಹೊರಗ ರಸ್ತೆ ಮ್ಯಾಲ ಮಹಾರಾಷ್ಟ್ರ ನಂಬರಿನ ಒಂದ ದೊಡ್ಡ ಕಾರು ಪಂಕ್ಚರ್ ಆಗಿ ನಿಂತಿತ್ತು. ಕಾರಿನಾಗಿನ ದಪ್ಪನ್ನ ಮನಷ್ಯಾರೊಬ್ರು ಕೆಳಗ ಇಳದು, ಫೋನಿಗೆ ರೇಂಜ್ ಹುಡುಕೋತ ಒಂದ ಹೊಲದ ಬದುವಿನ ಮ್ಯಾಲ ನಿಂತ್ರು. ಕೈಯೆತ್ತಿ ಫೋನ್ ಆ ಕಡೆ ಈ ಕಡೆ ಮಾಡಿದ್ರು.

ಅಷ್ಟ ಸಾಕಾತು. ಚಾದಂಗಡ್ಯಾಗ ಸುದ್ದಿ ಹಬ್ಬಿತು: ಕಾರ್ಖಾನಿಗೆ ಜಾಗಾ ನೋಡಾಕ ಬಂದಾರ, ಹೊಲದ ಕಡೆ ಕೈ ಮಾಡಿ ತೋರಸಾಕತ್ತಾರ, ಫೋನಿನ್ಯಾಗ ಅಳತಿ ತಗೊಂಡಾರ. ಹೊಲದ ಮಾಲಕರು ಇಬ್ರು ಅಣ್ಣತಮ್ಮರು, ಆ ಬದುವಿನ ಸಲುವಾಗಿ ಕೋರ್ಟಿನ್ಯಾಗ ಬಡದಾಡಾವ್ರು. "ಅವ್ರು ನಿಂತದ್ದು ನನ್ನ ಬದುವಿನ ಮ್ಯಾಲ," ಅಂತ ಅಣ್ಣ. "ಕೈ ಮಾಡಿದ್ದು ನನ್ನ ಹೊಲದ ಕಡೆ," ಅಂತ ತಮ್ಮ. ಯಾರೋ ಒಬ್ರು ಹಾರ ತಂದ್ರು. ಊರ ಮುಖಂಡ್ರು ಓಡಿ ಬಂದ್ರು. ನನ್ನ ನೋಡಿದ್ದ ತಡ, "ಏನ್ರಿ ಸಾಹೇಬ್ರ, ನಮಗ ಹೇಳದ ಗುಟ್ಟಾಗಿ ಕರ್ಕೊಂಡ ಬಂದೀರಿ! ಶಾಲು ಎಲ್ಲಿ?" ಅಂತ ಜಗಳಾ ತಗದ್ರು.

ಚಾಚಾ ಎಲ್ಲಿ ಹೋದ್ರೂ ಟ್ರಂಕಿನಾಗಿಂದ ಶಾಲು ಸಂಗಾಟ ತರತಿದ್ರು. ಹೊಚ್ಚಿದ್ವಿ.

"ಅಹೋ, ನಾ ನನ್ನ ನಾದಿನಿ ಲಗ್ನಕ್ಕ ಹುಬ್ಬಳ್ಳಿಗೆ ಹೊಂಟೇನ್ರಿ! ಅಕ್ಕಿಕಾಳು ತಪ್ಪತಾವ, ಬಿಡ್ರಿ ನನ್ನ!" ಅಂತ ಆ ಮನಷ್ಯಾರು ಕೈ ಮುಗದ್ರು.

ಮುಖಂಡ್ರು ನನ್ನ ಕಿವ್ಯಾಗ, "ಭಾಳ ಪಕ್ಕಾ ಅದಾರ, ಗುಟ್ಟ ಬಿಡವಲ್ರು," ಅಂದ್ರು.

ಟೈರ್ ಬದಲಿ ಆಗೂದ್ರಾಗ ಆ ಹೊಲದ ರೇಟು ವಿಜಯಪುರದ ಬಜಾರ ನಡುವಿನ ಜಾಗದಷ್ಟಾತು. ಅದ ವಾರ ಖರೇ ಖರೇ ಹೂಡಿಕೆದಾರ್ರು ಒಬ್ರು ಅದ ಹೊಲ ಕೇಳಾಕ ಬಂದ್ರು, ರೇಟು ಕೇಳಿದ್ರು, ಚಾನೂ ಕುಡೀದ ಹೋದ್ರು. ನಾ ಅಣ್ಣತಮ್ಮರಿಗೆ ಸಿಟ್ಟಿಲೆ ಬೈದೆ, "ಏನ ಮಂದಿರೋ ನೀವು! ಬಂದ ಲಕ್ಷ್ಮಿಗೆ ಬಾಗಲಾ ಹಾಕಿದ್ರಿ!" ಅಂತ.

ಜೀವಮಾನದಾಗ ಮೊದಲನೇ ಸಲ ಅವ್ರಿಬ್ರೂ ಒಂದ ಮಾತಿಗೆ ಬಂದಿದ್ರು. ಅಣ್ಣ ಹೇಳಿದ, ತಮ್ಮ ಹೌದಂತ ತಲಿ ಹಾಕಿದ: "ಸಾಹೇಬ್ರ, ಒಂದ ಟೈರ್ ಪಂಕ್ಚರ್ ಆದದ್ದಕ್ಕ ಈ ರೇಟ್ ಬಂತು. ಇನ್ನೊಂದ ಎರಡ ಪಂಕ್ಚರ್ ಆಗೂ ತನಕ ನಾವು ಮಾರಂಗಿಲ್ಲ."

ಮೂಲ ನಿಮ್ದ

ದೀಪಾವಳಿ ಮುಗೀತು, ಯುಗಾದಿಗೆ ನಾಕ ತಿಂಗಳ ಉಳೀತು. ಕಾರ್ಖಾನಿ ಇಲ್ಲ. ಚಾಚಾ ಗಡ್ಡ ನೀವಿಕೊಳ್ಳೂದು ಹೆಚ್ಚಾತು. ಚಾಚಿ ಒಂದ ದಿನ ಆಫೀಸಿಗೇ ಬಂದು ನನ್ನ ಮುಂದಿನ ಖುರ್ಚ್ಯಾಗ ಕುಂತಳು, ಒಂದ ಮಾತ ಆಡಲಿಲ್ಲ, ಎದ್ದು ಹೋದಳು. ಬೈದಿದ್ರ ಚಲೋ ಇತ್ತು ಅನಿಸ್ತು.

ಅಂಥಾದ್ರಾಗ ಸೊಲ್ಲಾಪುರದ ಬಾಯಾರ ಫೋನ್ ಬಂತು. "ಇನ್ನೊಮ್ಮೆ ಜಾಗಾ ನೋಡಿ ಮಾತ ಮುಗಸ್ತೇನಿ," ಅಂದ್ರು. ಎರಡನೇ ಸಲ ಯಾರೂ ಬಂದದ್ದ ಇಲ್ಲ ನಮ್ಮಲ್ಲಿ. ಭಾರಿ ತಯಾರಿ ಮಾಡಿದ್ವಿ. ಬಯಲಿಗೆ ಮಂಟಪ ಹಾಕಿ ಕಲ್ಲಿನ ಸಾಲ ಮುಚ್ಚಿದ್ವಿ. ಇಂಡಿ ಊರ ಮುಖಂಡ್ರು ಬಂದ್ರು. ತಯಾರಿಯೊಳಗ ಒಂದ ಮಾತ ಮಾತ್ರ ಇಬ್ರೂ ಮರತಿದ್ವಿ, ಹೊಚ್ಚಾವ್ರು ಪೂರ್ತಿ ಬಿಚ್ಚಬಾರದು ಅನ್ನೂದು.

ಮುಖಂಡ್ರು ದೊಡ್ಡ ಮನಸ್ಸಿನವ್ರು. ಶಾಲಿನ ಎರಡೂ ತುದಿ ಹಿಡದು ಎಲ್ಲಾರಿಗೂ ಕಾಣೂ ಹಂಗ ಝಾಡಿಸಿ ಪೂರ್ತಿ ಬಿಚ್ಚಿ ಬಾಯಾರ ಹೆಗಲಿಗೆ ಹಾಕಿದ್ರು. ಹಿಂಡಿ ಕಲಿ ಸೀದಾ ಬಾಯಾರ ಎದಿ ಮ್ಯಾಲ ಬಂತು.

ಬಾಯಾರು ಬಗ್ಗಿ ನೋಡಿದ್ರು. ಬಟ್ಟಿ ವ್ಯಾಪಾರದಾವ್ರು ನೋಡ್ರಿ, ದಡಿ ತಿರುವಿ ನೋಡಿದ್ರು, ಬೆರಳಿಲೆ ಕಲಿ ಒರಸಿ ನೋಡಿದ್ರು.

"ಇದು ನಾ ಹಿಂದಕ ಬಂದಾಗ ಹೊಚ್ಚಿದ ಶಾಲು ಅಲ್ಲೇನ್ರಿ?" ಅಂತ ಮೈಕಿನ್ಯಾಗ ಕೇಳಿದ್ರು.

ಮುಖಂಡ್ರು ನನ್ನ ನೋಡಿದ್ರು, ನಾ ಚಾಚಾನ್ನ ನೋಡಿದೆ. ಚಾಚಾಗ ಸುಳ್ಳ ಬರಂಗಿಲ್ಲ. ಎದ್ದ ನಿಂತು ಹೇಳಿದ್ರು, "ಹೌದ್ರಿ ಬಾಯಾರ, ನಿಮ್ದ. ನಡುವ ಮತ್ತ ಬ್ಯಾರೆ ಮಂದಿ ಹೊತಗೊಂಡಾರ್ರಿ, ನೂಲಿನ ಮಾಲಕರು, ರೊಟ್ಟಿ ಮ್ಯಾನೇಜರು, ಪಂಕ್ಚರ್ ಆದಾವ್ರು. ಆದ್ರ ಕಲಿ ನಿಮ್ದ. ಯಾರ ಹೊತಗೊಂಡ್ರೂ ಮೂಲ ನಿಮ್ದ."

ಮುಗೀತು ಅನಕೊಂಡೆ. ಬೀದರಿನ ಬಿಸಲ ಕಣ್ಣ ಮುಂದ ಬಂತು, ಅದರ ಹಿಂದ ಚಾಚಿ ಸುಮ್ಮನ ಕುಂತದ್ದೂ ಬಂತು.

ಬಾಯಾರು ಶಾಲು ಬಾಯಿಗೆ ಒತಗೊಂಡು ನಗಾಕ ಹತ್ತಿದ್ರು. ಕಣ್ಣಾಗ ನೀರ ಬರೂ ತನಕ ನಕ್ಕರು. ಸಾವರಿಸಿಕೊಂಡು ಕೇಳಿದ್ರು, "ಒಂದ ಶಾಲಿನ ಮ್ಯಾಲ ಯಾಕ ನಡಸಾಕತ್ತೀರಿ? ಶಾಲು ತುಟ್ಟಿ ಆತೇನ್ರಿ?"

"ತುಟ್ಟಿ ಅಲ್ರಿ, ಸಿಗಂಗಿಲ್ಲ," ಅಂದ್ರು ಚಾಚಾ. "ನಮ್ಮ ಕಡೆ ಸನ್ಮಾನ ಭಾಳ ನೋಡ್ರಿ. ಸಾಹೇಬ್ರು ಬದಲಿ ಆಗಿ ಬಂದ್ರ ಸನ್ಮಾನ, ಬದಲಿ ಆಗಿ ಹೋದ್ರ ಸನ್ಮಾನ, ಮಾಸ್ತರು ನಿವೃತ್ತಿ ಆದ್ರ, ಯಾರರ ಚುನಾವಣ್ಯಾಗ ಗೆದ್ರ, ಸೋತ್ರ ಸಮಾಧಾನಕ್ಕ. ಹುಟ್ಟಿದ ಹಬ್ಬ, ಗುದ್ದಲಿ ಪೂಜಿ, ನಳ ಬಂದದ್ದಕ್ಕ. ನಾಕ ತಾಲೂಕಿನ್ಯಾಗ ದಿನಾ ಎಲ್ಲೆರ ಒಂದ ಕಡೆ ಯಾರರ ಶಾಲು ಹೊತಗೊಂಡ ಕುಂತಿರ್ತಾರ. ಅಂಗಡಿಯಾವ್ರು ನಿಮ್ಮ ಸೊಲ್ಲಾಪುರದಿಂದ ತರತಾರ, ಬರೂದ್ರಾಗ ಖಾಲಿ."

ಬಾಯಾರು ನಗೂದು ನಿಲ್ಲಿಸಿದ್ರು. ವ್ಯಾಪಾರಸ್ಥರ ಮಾರಿ ಬಂತು ಅವ್ರಿಗೆ. ನಾ ಅದಕ್ಕೂ ಮೊದಲ ರಸ್ತೆ, ನೀರು, ರೈಲು, ಹತ್ತಿ, ಎಲ್ಲಾ ಚಿತ್ರ ಹಾಕಿ ತೋರಸಿದ್ದೆ, ಆಕಳಿಸಿದ್ರು. ಈಗ ಚಾಚಾನ್ನ ಬಾಜೂ ಖುರ್ಚ್ಯಾಗ ಕುಂದರಿಸಿಕೊಂಡು ಮದವಿ ದಿನ ಎಷ್ಟು ಬೇಕಾಗ್ತಾವ, ಜರಿ ಯಾರಿಗೆ ಸೇರ್ತೈತಿ, ಯಾವ ಬಣ್ಣ ಯಾವ ಪಾರ್ಟಿ ಹೊತಗೊಳಂಗಿಲ್ಲ, ಎಲ್ಲಾ ಕೇಳಿಕೊಂಡ್ರು. ಅಲ್ಲೇ ಎದ್ದು ಹೇಳಿದ್ರು, "ಚಾದರ ಬ್ಯಾಡ, ಟಾವೆಲ್ ಬ್ಯಾಡ. ಇಂಡ್ಯಾಗ ಸನ್ಮಾನದ ಶಾಲಿನ ಕಾರ್ಖಾನಿ ಹಾಕತೇನಿ. ಒಂದ ಕರಾರು, ಶಂಕುಸ್ಥಾಪನಿ ಕಲ್ಲು ಇಡಬಾರದು."

ಕಾರ್ಖಾನಿ ಬಂತು ಅಂತ ಮಂದಿ ಚಪ್ಪಾಳಿ ಹೊಡದ್ರು. ಕಲ್ಲು ಇಲ್ಲ ಅಂತ ಮುಖಂಡ್ರು ಊಟ ಮಾಡದ ಹೋದ್ರು.

ಉದ್ದೇಶ ಈಡೇರಿತು

ಯುಗಾದಿ ಒಳಗ ತಗಡಿನ ಶೆಡ್ಡಿನ್ಯಾಗ ಮಗ್ಗ ನಿಂತುವು. ತ್ರೀ ಫೇಸ್ ಇದ್ದಾಗ ಮಗ್ಗ ನಡೀತಾವ, ಹೋದಾಗ ಹೆಣ್ಣಮಕ್ಕಳು ಕುಂತು ಶಾಲಿನ ತುದಿಗೆ ಕುಚ್ಚು ಕಟ್ಟತಾರ. ಕುಚ್ಚಿನ ಕೆಲಸನ ಹೆಚ್ಚ ನಡೀತೈತಿ. ನಾನು ಎದಿ ಉಬ್ಬಿಸಿ ದೊಡ್ಡ ಸಾಹೇಬ್ರಿಗೆ ಫೋನ್ ಹಚ್ಚಿದೆ.

"ಭಲೆ, ಅಭಿನಂದನೆ!" ಅಂದ್ರು ಸಾಹೇಬ್ರು. "ಇನ್ನ ನಿಮ್ಮ ಆಫೀಸ್ ಮುಚ್ಚತೇವಿ."

"ಯಾಕ್ರಿ ಸರ? ಕಾರ್ಖಾನಿ ತಂದೇನಲ್ರಿ!"

"ಅದಕ್ಕರಿ. ಕಾರ್ಖಾನಿ ತರೂದು ನಿಮ್ಮ ಆಫೀಸಿನ ಉದ್ದೇಶ ಇತ್ತು. ತಂದ್ರಿ. ಉದ್ದೇಶ ಈಡೇರಿತು."

"ತರದಿದ್ರ?"

"ತರದಿದ್ರ ಉದ್ದೇಶ ಈಡೇರಿಲ್ಲ ಅಂತ ಮುಚ್ಚತಿದ್ವಿ," ಅಂದ್ರು ಸಾಹೇಬ್ರು. ಅವ್ರು ಹೇಳೂ ಧಾಟಿ ನೋಡಿದ್ರ ನಂದ ತಪ್ಪು ಅನಿಸೂ ಹಂಗಿತ್ತು.

ಬೀದರಿಗೆ ಬದಲಿ ಆತು, ಅಲ್ಲಿಗೂ ಬಂಡವಾಳ ತರಬೇಕಂತ. ಆದ್ರ ಚಾಚಾ ಮನಿಗೆ ಹೋಗಲಿಲ್ಲ. ಬಾಯಾರು ಅವ್ರನ್ನ ಕರದು ಕಾರ್ಖಾನಿ ಉಗ್ರಾಣದ ಕೀಲಿಕೈ ಕೊಟ್ಟಾರ. ಪಗಾರ ನಂದು ಕೇಳಬ್ಯಾಡ್ರಿ, ಅವ್ರದ್ದು ಚಲೋ ಐತಿ. ಚಾಚಿ ನನಗ ಊಟಕ್ಕ ಕರದು ಬಿರ್ಯಾನಿ ಮಾಡಿ ಹಾಕಿದಳು. ಅವತ್ತ ಭಾಳ ಮಾತಾಡಿದಳು, ನನಗ ಹೊಟ್ಟಿ ತುಂಬಿತು.

ಹೋಗೂ ದಿನ ಕಾರ್ಖಾನ್ಯಾಗ ನನಗ ಸನ್ಮಾನ ಇಟ್ಟಿದ್ರು. ಬಾಯಾರು, ಮುಖಂಡ್ರು, ಸಿಂದಗಿ ಗೌಡ್ರು, ಬಾಗೇವಾಡಿ ಅಣ್ಣತಮ್ಮರು, ಎಲ್ಲಾರೂ ಬಂದ್ರು. ಮುದ್ದೇಬಿಹಾಳದ ಅಜ್ಜಿ ರೊಟ್ಟಿ ಗಂಟು ಕಳಿಸಿದ್ದಳು. ನನ್ನ ಹಿಂದ ಗ್ವಾಡಿ ತನಕ ಹೊಸಾ ಶಾಲಿನ ಥಪ್ಪಿ, ಕೆಂಪ, ಹಸರ, ಕೇಸರಿ, ಕಣ್ಣ ಕುಕ್ಕತಿದ್ವು. ಇಷ್ಟ ವರ್ಷ ಮಂದಿಗೆ ಹೊಚ್ಚೇನಿ, ಒಮ್ಮೆ ನಮಗೂ ಹೊಸಾ ಶಾಲು ಬಂತಲ್ಲಪಾ ಅಂತ ಅಂಗಿ ಕಾಲರ್ ನೆಟ್ಟಗ ಮಾಡಿಕೊಂಡೆ. ಚಾಚಾ ತಾವ ಹೊಚ್ಚತೇನಿ ಅಂತ ಮುಂದ ಬಂದ್ರು. ಹೆಗಲಿಗೆ ಬಿತ್ತು. ಮೂಗಿಗೆ ಡಾಂಬರ ಗುಳಿಗಿ ವಾಸನಿ ಬಂತು. ಕೆಳಗ ನೋಡಿದೆ. ಎದಿ ಮ್ಯಾಲ ಹಿಂಡಿ ಕಲಿ.

"ಚಾಚಾ, ಹಿಂದ ಅಷ್ಟು ಹೊಸಾವು ಅದಾವಲ್ರಿ!" ಅಂದೆ ಸಣ್ಣ ದನಿಲೆ.

"ಅವು ಮಾರಾಟದಾವ್ರಿ ಸಾಹೇಬ್ರ," ಅಂತ ಚಾಚಾ ಶಾಲಿನ ಮಡಕಿ ನೆಟ್ಟಗ ಮಾಡಿ ನನ್ನ ಕಿವ್ಯಾಗ ಅಂದ್ರು, "ಹೋಗುಮುಂದ ಮರೀದ ಖುರ್ಚಿ ಮ್ಯಾಲ ಬಿಟ್ಟು ಹೋಗ್ರಿ."